ಬೆಸ್ಸಿ ಸ್ಮಿತ್‌ಗೆ ಗುರು ಯಾರು?

ಸಂಜೆಮಲ್ಲಿಗೆ

ಎಲ್ಲರಿಗೂ ನಮಸ್ಕಾರ. ಇಲ್ಲಿ ಬಹಳ ದಿನದಿಂದ ಓದುತ್ತೇನೆ, ಬರೆಯುವುದು ಇದೇ ಮೊದಲು.

ನನ್ನ ಮಗಳಿಗೆ ಹದಿನಾರು. ಏಳು ವರ್ಷದಿಂದ ಸಂಗೀತ ಕಲಿಯುತ್ತಿದ್ದಾಳೆ. ಹೋದ ತಿಂಗಳು ಒಂದು ಸ್ಪರ್ಧೆಗೆ ಹೋಗಿದ್ದಳು. ಅಲ್ಲಿ ತೀರ್ಪುಗಾರರೊಬ್ಬರು "ಶ್ರುತಿ ಸರಿ, ತಾಳ ಸರಿ, ಕಂಠ ಮಾತ್ರ ಒರಟು, ಹೆಣ್ಣುಮಕ್ಕಳ ದನಿ ಹೀಗಿರಬಾರದು" ಅಂದರು. ಅದೂ ಮೈಕ್‌ನಲ್ಲಿ, ಎಲ್ಲರೆದುರು. ಮನೆಗೆ ಬಂದವಳು ಎರಡು ದಿನ ತಂಬೂರಿ ಆಪ್ ಹಾಕಲಿಲ್ಲ. ಮೂರನೇ ದಿನದಿಂದ ಬಾಗಿಲು ಹಾಕಿಕೊಂಡು ಒಬ್ಬಳ ಹಾಡನ್ನೇ ಕೇಳುತ್ತಿದ್ದಾಳೆ. ಎಣ್ಣೆಯಲ್ಲಿ ಹಪ್ಪಳ ಕರಿದ ಹಾಗೆ ಸದ್ದು, ಅದರೊಳಗಿಂದ ಒಂದು ದಪ್ಪ ದನಿ. ಕೇಳಿದರೆ "ಬೆಸ್ಸಿ ಸ್ಮಿತ್ ಅಮ್ಮಾ, ನೂರು ವರ್ಷ ಹಳೇದು" ಅಂದಳು.

ಅಮೆರಿಕದ ಕಪ್ಪು ಜನರ ಬ್ಲೂಸ್ ಅನ್ನುವ ಹಾಡಿನ ಬಗೆಯಂತೆ, ನನಗೆ ಅದು ಗೊತ್ತಿಲ್ಲ. ನಾನು ಕೇಳಿದ ಮೊದಲ ಪ್ರಶ್ನೆ ನಮ್ಮ ಮನೆಯಲ್ಲಿ ಎಲ್ಲರೂ ಕೇಳುವಂಥದ್ದೇ. ಈಕೆಯ ಗುರು ಯಾರು? ಮಗಳಿಗೂ ಗೊತ್ತಿರಲಿಲ್ಲ. ಬಲ್ಲವರು ಹೇಳಿ.

ಗಿಟಾರ್_ಗೊಂದಲ

ಮಾ ರೈನಿ. ಅಷ್ಟೇ. ಬ್ಲೂಸ್‌ನ ತಾಯಿ ಅಂತಲೇ ಆಕೆಗೆ ಹೆಸರು. ಬೆಸ್ಸಿಯನ್ನು ಗೋಣಿಚೀಲದಲ್ಲಿ ಹಾಕಿಕೊಂಡು ಹೋಗಿ ಹಾಡು ಕಲಿಸಿದಳು ಅಂತ ಕಥೆ ಇದೆ. ಸಖತ್ ಕಥೆ.

ಹಳೇಪ್ಲೇಟು

ಗೊಂದಲ ಅವರೇ, ಸಖತ್ ಕಥೆ ಹೌದು, ಆದರೆ ಕಟ್ಟುಕಥೆ. ಬೆಸ್ಸಿಯ ಅತ್ತಿಗೆ ಮಾಡ್ ಸ್ಮಿತ್ ಅದನ್ನು ಕೇಳಿ ನಗುತ್ತಿದ್ದಳು. ಚೀಲವೂ ಇಲ್ಲ, ಕಳ್ಳತನವೂ ಇಲ್ಲ. ಮೊದಲಿಂದ ಹೇಳುತ್ತೇನೆ, ಸ್ವಲ್ಪ ಉದ್ದ ಆಗುತ್ತದೆ.

ಬೆಸ್ಸಿ ಹುಟ್ಟಿದ್ದು ಅಮೆರಿಕದ ಟೆನ್ನೆಸ್ಸೀ ರಾಜ್ಯದ ಚಾಟನೂಗ ಊರಲ್ಲಿ. ಮದುವೆ ಕಾಗದದಲ್ಲಿ ಬರೆಸಿದ ತಾರೀಖು 1894ರ ಏಪ್ರಿಲ್ 15. ಬ್ಲೂ ಗೂಸ್ ಹಾಲೋ ಅನ್ನುವ ಬಡವರ ಕೇರಿ. ಅಪ್ಪ ವಿಲಿಯಂ ಕೂಲಿ ಮಾಡುತ್ತಿದ್ದ, ಬಿಡುವಿದ್ದಾಗ ಬ್ಯಾಪ್ಟಿಸ್ಟ್ ಚರ್ಚಿನಲ್ಲಿ ಉಪದೇಶ ಹೇಳುತ್ತಿದ್ದ. ಮಗಳಿಗೆ ಅವನ ಮುಖ ನೆನಪಿಡುವ ವಯಸ್ಸು ಬರುವ ಮೊದಲೇ ತೀರಿಕೊಂಡ. ಒಂಬತ್ತು ವರ್ಷ ಆಗುವಷ್ಟರಲ್ಲಿ ಅಮ್ಮ ಲಾರಾ ಕೂಡ ಹೋದಳು. ದೊಡ್ಡಕ್ಕ ವಯೋಲಾ ಬೇರೆಯವರ ಬಟ್ಟೆ ಒಗೆದು ತಮ್ಮ ತಂಗಿಯರನ್ನು ಸಾಕಿದಳು.

ಆಗ ಬೆಸ್ಸಿ ಮತ್ತು ಅಣ್ಣ ಆಂಡ್ರ್ಯೂ ಬೀದಿಗೆ ಇಳಿದರು. ಅವನ ಕೈಯಲ್ಲಿ ಗಿಟಾರು. ಇವಳು ಹಾಡುತ್ತಿದ್ದಳು, ಕುಣಿಯುತ್ತಿದ್ದಳು. ಹದಿಮೂರನೇ ರಸ್ತೆ ಮತ್ತು ಎಲ್ಮ್ ರಸ್ತೆ ಸೇರುವಲ್ಲಿ ವೈಟ್ ಎಲಿಫೆಂಟ್ ಅಂತ ಒಂದು ಸಲೂನ್ ಇತ್ತು. ಸಲೂನ್ ಅಂದರೆ ಕ್ಷೌರದಂಗಡಿ ಅಲ್ಲ, ಹೆಂಡದಂಗಡಿ. ಅದರ ಮುಂದೆ ಇವರ ಜಾಗ. ಬಿಳಿ ಆನೆಯ ಬಾಗಿಲಲ್ಲಿ ಕಪ್ಪು ಮಕ್ಕಳು ಕಾಸಿಗೆ ಹಾಡಿದ್ದು.

ಸಂಜೆಮಲ್ಲಿಗೆ ಅಕ್ಕ, ಮೊದಲ ಪಾಠ ಶುರುವಾಗಿದ್ದು ಇಲ್ಲಿ. ಹೆಂಡದಂಗಡಿ ಎದುರು ಮೆತ್ತಗೆ ಹಾಡಿದರೆ ಯಾರೂ ಕಾಸು ಹಾಕುವುದಿಲ್ಲ.

ಸುಮ್ನೆ_ಓದೋಳು

ಕೊನೇ ಸಾಲು ಓದಿ ಒಂದು ನಿಮಿಷ ಸುಮ್ಮನೆ ಕೂತೆ.

ಟೆನ್ನೆಸ್ಸೀ_ಕನ್ನಡಿಗ

ನಾನು ಚಾಟನೂಗದಿಂದ ಎರಡು ಗಂಟೆ ದೂರದಲ್ಲಿರುವುದು. ಆ ಕಾಲದ ಒಂಬತ್ತನೇ ರಸ್ತೆಗೆ ಈಗ ಮಾರ್ಟಿನ್ ಲೂಥರ್ ಕಿಂಗ್ ಹೆಸರು. ಅಲ್ಲೇ ಬೆಸ್ಸಿ ಹೆಸರಿನ ಸಾಂಸ್ಕೃತಿಕ ಕೇಂದ್ರವೂ ಇದೆ. ಕಾರು ನಿಲ್ಲಿಸಿ ನಡೆದರೆ ಕಾಫಿ ಅಂಗಡಿ, ಪಾರ್ಕಿಂಗ್, ಅಷ್ಟೇ. ಹಳೇ ಊರು ಕಾಣುವುದಿಲ್ಲ. ಆದರೆ ರೈಲಿನ ಸದ್ದು ಇನ್ನೂ ಕೇಳುತ್ತದೆ. ಆಗಿನಿಂದಲೂ ಅದು ರೈಲು ಜಂಕ್ಷನ್ ಊರು, ಹಾಗಾಗಿ ಊರೂರು ತಿರುಗುವ ಆಟದ ಕಂಪನಿಗಳು ಅಲ್ಲಿ ಇಳಿಯುತ್ತಿದ್ದವು. ಬೆಸ್ಸಿ ಕಥೆಯಲ್ಲಿ ಇದು ಮುಖ್ಯ ಅಂತ ನನ್ನ ಅನಿಸಿಕೆ.

ಹಳೇಪ್ಲೇಟು

ನಿಜ ಸಾರ್, ಕಂಪನಿಯೇ ಮುಂದಿನ ಅಧ್ಯಾಯ. ದೊಡ್ಡಣ್ಣ ಕ್ಲಾರೆನ್ಸ್ 1904ರಲ್ಲಿ ಮೋಸಸ್ ಸ್ಟೋಕ್ಸ್ ಅನ್ನುವವನ ತಂಡ ಸೇರಿ ಮನೆ ಬಿಟ್ಟ. ತಂಗಿಗೆ ಹೇಳದೇ ಹೋದ. ಹೇಳಿದ್ದರೆ ಹಿಂದೆಯೇ ಹೊರಡುತ್ತಿದ್ದಳು, ಆಗ ಇನ್ನೂ ಚಿಕ್ಕವಳು. 1912ರಲ್ಲಿ ಅದೇ ತಂಡ ಚಾಟನೂಗಕ್ಕೆ ಬಂತು. ಅಣ್ಣ ತಂಗಿಯನ್ನು ಕರೆದುಕೊಂಡು ಹೋಗಿ ಮ್ಯಾನೇಜರ್ ದಂಪತಿ ಲಾನಿ ಫಿಶರ್, ಕೋರಾ ಫಿಶರ್ ಮುಂದೆ ನಿಲ್ಲಿಸಿದ. ಕೆಲಸ ಸಿಕ್ಕಿತು.

ಏನು ಕೆಲಸ ಗೊತ್ತಾ? ಕುಣಿಯುವ ಕೆಲಸ. ಹಾಡುವುದಕ್ಕೆ ಅಲ್ಲಿ ಆಗಲೇ ಒಬ್ಬಳು ಇದ್ದಳು, ಅವಳೇ ಮಾ ರೈನಿ. ಇಪ್ಪತ್ತನೇ ಶತಮಾನದ ದೊಡ್ಡ ದನಿಯೊಂದು ಹದಿನೆಂಟನೇ ವಯಸ್ಸಿನಲ್ಲಿ ಗೆಜ್ಜೆ ಕೆಲಸಕ್ಕೆ ಸೇರಿತು.

ಹಾರ್ಮೋನಿಯಂ_ಮೇಷ್ಟ್ರು

ಇದು ನಮ್ಮ ಕಂಪನಿ ನಾಟಕದ ಕಥೆಯೇ ಆಯಿತಲ್ಲ! ನಾನು ಗದಗ ಕಡೆಯವನು. ನಮ್ಮ ತಂದೆ ನಾಟಕ ಕಂಪನಿಯಲ್ಲಿ ಕಾಲು ಹಾರ್ಮೋನಿಯಂ ನುಡಿಸುತ್ತಿದ್ದರು. ಕಂಪನಿಗೆ ಹೊಸದಾಗಿ ಸೇರಿದ ಹುಡುಗಿಗೆ ಮೊದಲು ಸಖಿ ಪಾರ್ಟು. ಹಿಂದೆ ನಿಂತು ಕೈ ಆಡಿಸುವುದು. ನಾಯಕಿಗೆ ಜ್ವರ ಬಂದ ದಿನ ಅದೃಷ್ಟ.

ಗುರು ಬಗ್ಗೆ ಕೇಳಿದಿರಲ್ಲ ತಾಯಿ, ಕಂಪನಿಯಲ್ಲಿ ಯಾರೂ ಕೂರಿಸಿ ಕಲಿಸುವುದಿಲ್ಲ. ಸೈಡ್ ವಿಂಗಿನಲ್ಲಿ ನಿಂತು ದೊಡ್ಡವರು ಹೇಗೆ ಉಸಿರು ಹಿಡಿಯುತ್ತಾರೆ, ಯಾವಾಗ ಜನರ ಕಡೆ ತಿರುಗುತ್ತಾರೆ ಅಂತ ನೋಡುವುದು. ಮಾ ರೈನಿ ಕಲಿಸಿದಳು ಅಂದರೆ ಹೀಗೆಯೇ ಇರಬೇಕು.

ಹಳೇಪ್ಲೇಟು

ಮೇಷ್ಟ್ರೇ, ಸರಿಯಾಗಿ ಹೇಳಿದಿರಿ. ಬೆಸ್ಸಿ ಬರುವ ಹೊತ್ತಿಗೆ ಹಾಡು ಆಗಲೇ ಅವಳದ್ದಾಗಿತ್ತು. ಮಾ ರೈನಿಯಿಂದ ಬಂದದ್ದು ರಂಗದ ಮೇಲೆ ನಿಲ್ಲುವ ಠೀವಿ. ಇಬ್ಬರ ರೆಕಾರ್ಡೂ ಕೇಳಿದರೆ ದನಿ ಬೇರೆ, ಎಳೆಯುವ ರೀತಿ ಬೇರೆ.

ಒಂದು ತಮಾಷೆ ನೋಡಿ. ಬೆಸ್ಸಿ ರೆಕಾರ್ಡ್ ಮಾಡಿದ್ದು 1923ರ ಫೆಬ್ರವರಿ. ಮಾ ರೈನಿಯ ಮೊದಲ ರೆಕಾರ್ಡ್ ಅದೇ ವರ್ಷ ಡಿಸೆಂಬರ್. "ಗುರು" ಹತ್ತು ತಿಂಗಳು ತಡವಾಗಿ ಬಂದಳು.

ಗಿಟಾರ್_ಗೊಂದಲ

ಸರಿ ಸರಿ, ಚೀಲ ವಾಪಸ್ ತಗೊಂಡೆ. 😄

ಆದರೆ 1912ರಿಂದ 1923, ಹನ್ನೊಂದು ವರ್ಷ. ಅಷ್ಟು ಕಾಲ ಏನು ಮಾಡುತ್ತಿದ್ದಳು?

ಹಳೇಪ್ಲೇಟು

ದುಡಿಯುತ್ತಿದ್ದಳು ಗುರು. 1913ರ ಹೊತ್ತಿಗೆ ಅಟ್ಲಾಂಟಾದಲ್ಲಿ '81' ಅನ್ನುವ ಥಿಯೇಟರಿನಲ್ಲಿ ಸ್ವಂತ ಆಟ ಶುರು ಮಾಡಿದಳು. ವಾರಕ್ಕೆ ಹತ್ತು ಡಾಲರ್ ಸಂಬಳ. ಜನ ಖುಷಿಯಾದರೆ ವೇದಿಕೆ ಮೇಲೆ ಚಿಲ್ಲರೆ ಎಸೆಯುತ್ತಿದ್ದರು, ಅದು ಮೇಲಿನ ಸಂಪಾದನೆ. ಅಲ್ಲಿಂದ ದಕ್ಷಿಣದ ಊರೂರು. ಟೆಂಟು, ಚಿಕ್ಕ ಥಿಯೇಟರು, ಮತ್ತೆ ಟೆಂಟು. ಮೈಕ್ ಇಲ್ಲ. ಕೊನೇ ಸಾಲಿನ ಬೆಂಚಿನವನಿಗೂ ಮಾತು ಕೇಳಿಸಬೇಕು.

ಇರ್ವಿನ್ ಮಿಲ್ಲರ್ ಅಂತ ಒಬ್ಬ ಶೋ ನಡೆಸುವವನಿದ್ದ. ಕಪ್ಪು ಜನರವನೇ. ತನ್ನ ಕುಣಿತದ ಸಾಲಿನಿಂದ ಬೆಸ್ಸಿಯನ್ನು ತೆಗೆಸಿಹಾಕಿದ. ಕಾರಣ ಅವಳ ಬಣ್ಣ. ತುಂಬಾ ಕಪ್ಪು ಅಂತೆ. ಅವಳು ಹುಟ್ಟು ಹಾಡುಗಾರ್ತಿ ಅಂತ ಒಪ್ಪಿಕೊಂಡೇ ಕಳಿಸಿದ.

ಸುಮ್ನೆ_ಓದೋಳು

ಇದಕ್ಕೆ ಅಮೆರಿಕಕ್ಕೆ ಹೋಗಬೇಕಿಲ್ಲ ಬಿಡಿ. ನಮ್ಮ ಕಾಲೇಜು ಡ್ಯಾನ್ಸ್‌ನಲ್ಲಿ ನನ್ನನ್ನು ಯಾವಾಗಲೂ ಕೊನೇ ಸಾಲಿಗೇ ಹಾಕುತ್ತಿದ್ದರು. ಕಾರಣ ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಕನ್ನಡಿ ಹೇಳುತ್ತಿತ್ತು.

ಟೆನ್ನೆಸ್ಸೀ_ಕನ್ನಡಿಗ

ಆ ಥಿಯೇಟರುಗಳ ಬಗ್ಗೆ ಒಂದು ಮಾತು. 1920ರಲ್ಲಿ ಕಪ್ಪು ಪ್ರೇಕ್ಷಕರ ಥಿಯೇಟರ್ ಮಾಲೀಕರದ್ದೇ ಒಂದು ಸಂಘ ಆಯಿತು. ಕಲಾವಿದರನ್ನು ಊರಿಂದ ಊರಿಗೆ ಕಳಿಸುವ ಬುಕಿಂಗ್ ಅದರ ಕೈಯಲ್ಲಿ. ಚುಟುಕಾಗಿ ಟಿ.ಓ.ಬಿ.ಎ. ಕೂಲಿ ಕಡಿಮೆ, ಪ್ರಯಾಣ ಜಾಸ್ತಿ, ಡ್ರೆಸ್ಸಿಂಗ್ ರೂಮ್ ದೇವರೇ ಗತಿ. ಕಲಾವಿದರು ಅದೇ ನಾಲ್ಕು ಅಕ್ಷರಕ್ಕೆ "ಕಪ್ಪು ಕಲಾವಿದರಿಗೆ ಕಷ್ಟಕೊಡುವ ಕಂಪನಿ" ಅನ್ನುವ ಅರ್ಥ ಬರುವ ಹಾಗೆ ಬೇರೆ ಬಿಡಿಸುತ್ತಿದ್ದರು. ಇದಕ್ಕಿಂತ ಖಾರದ ಇನ್ನೊಂದು ಬಿಡಿಸುವಿಕೆಯೂ ಇತ್ತು, ಇಲ್ಲಿ ಹೆಣ್ಣುಮಕ್ಕಳು ಮಕ್ಕಳು ಓದುತ್ತಿದ್ದಾರೆ, ಬೇಡ.

ಸಂಜೆಮಲ್ಲಿಗೆ

ಮಗಳು ಪಕ್ಕದಲ್ಲೇ ಕೂತು ಓದುತ್ತಿದ್ದಾಳೆ. ಆ ಖಾರದ್ದು ಅವಳಿಗೆ ಆಗಲೇ ಗೊತ್ತಂತೆ. ನನಗೆ ಹೇಳಲ್ಲವಂತೆ.

ಅವಳ ಪ್ರಶ್ನೆ: ಇಷ್ಟು ಹೆಸರು ಮಾಡಿದ್ದರೂ ರೆಕಾರ್ಡ್ ಕಂಪನಿಯವರು ಬೇಗ ಯಾಕೆ ಕರೆಯಲಿಲ್ಲ?

ಹಳೇಪ್ಲೇಟು

ಒಳ್ಳೇ ಪ್ರಶ್ನೆ ಪುಟ್ಟಿ. ಮೊದಲನೆಯದಾಗಿ, 1920ರ ತನಕ ಕಪ್ಪು ಹೆಂಗಸರ ಬ್ಲೂಸ್ ಹಾಡನ್ನು ಪ್ಲೇಟಿಗೆ ಹಾಕಿದರೆ ಯಾರು ಕೊಳ್ಳುತ್ತಾರೆ ಅಂತ ಕಂಪನಿಯವರ ಲೆಕ್ಕ. ಆ ವರ್ಷ ಆಗಸ್ಟ್‌ನಲ್ಲಿ ಓಕೆ ಅನ್ನುವ ರೆಕಾರ್ಡ್ ಕಂಪನಿಗೆ ಮೇಮೀ ಸ್ಮಿತ್ 'ಕ್ರೇಜಿ ಬ್ಲೂಸ್' ಹಾಡಿದಳು. ಬಿಸಿ ದೋಸೆ ಥರ ಹೋಯಿತು. ಕಪ್ಪು ಜನರ ಮನೆಯಲ್ಲೂ ಗ್ರಾಮಫೋನ್ ಇದೆ, ಅವರ ಜೇಬಲ್ಲೂ ಕಾಸಿದೆ ಅಂತ ಕಂಪನಿಗಳಿಗೆ ಆಗ ಕಣ್ಣುಬಿಟ್ಟಿತು. ಎಲ್ಲರೂ ಹಾಡುಗಾರ್ತಿಯರನ್ನು ಹುಡುಕಲು ಹೊರಟರು.

(ಮೇಮೀ, ಬೆಸ್ಸಿ, ಕ್ಲಾರಾ, ಟ್ರಿಕ್ಸಿ, ಎಲ್ಲರೂ ಸ್ಮಿತ್! ಯಾರೂ ಒಬ್ಬರಿಗೊಬ್ಬರು ಸಂಬಂಧಿಕರಲ್ಲ. ನಮ್ಮ ಮಂಡ್ಯದಲ್ಲಿ ಗೌಡರು ಇದ್ದ ಹಾಗೆ.)

ಬೆಸ್ಸಿಯನ್ನೂ ಪರೀಕ್ಷೆಗೆ ಕರೆದರು. ವಾಪಸ್ ಕಳಿಸಿದರು. ಒಂದು ಕಡೆಯಲ್ಲ, ಹಲವು ಕಡೆ. ಬ್ಲ್ಯಾಕ್ ಸ್ವಾನ್ ಅನ್ನುವ ಕಂಪನಿ ಕಪ್ಪು ಜನರದ್ದೇ, ಹ್ಯಾರಿ ಪೇಸ್ ಕಟ್ಟಿದ್ದು. ಅವರಿಗೂ ಬೇಡವಾಯಿತು. ಅವರು ಎತ್ತಿ ಹಿಡಿದದ್ದು ಎತೆಲ್ ವಾಟರ್ಸ್‌ಳ ನಯವಾದ ದನಿಯನ್ನು. ಬೆಸ್ಸಿ ಹಾಡು ನಿಲ್ಲಿಸಿ ಉಗುಳಿ ಬರುತ್ತೇನೆ ಅಂದಳು, ಅದಕ್ಕೇ ಬೇಡ ಅಂದರು ಅಂತಲೂ ಒಂದು ಕಥೆ ಓಡಾಡುತ್ತದೆ.

ಎಲ್ಲರೂ ಹೇಳಿದ ಕಾರಣ ಮಾತ್ರ ಒಂದೇ. ದನಿ ಒರಟು.

ಸುಮ್ನೆ_ಓದೋಳು

ಅದೇ ಪದ!

ಹಾರ್ಮೋನಿಯಂ_ಮೇಷ್ಟ್ರು

ಅದೇ ಪದ. ಬಹುಶಃ ತೀರ್ಪುಗಾರರಿಗೆಲ್ಲ ಒಂದೇ ಅಂಗಡಿಯಿಂದ ಸಪ್ಲೈ.

ಮಧ್ಯಮಾವತಿ

ಕ್ಷಮಿಸಿ, ಒಂದು ತಕರಾರು. ಒರಟು ಅಂತ ಬೈದವರೆಲ್ಲ ಮೂರ್ಖರು, ಬೈಸಿಕೊಂಡವರೆಲ್ಲ ಬೆಸ್ಸಿ ಅಂತ ಆಗಬಾರದು. ನಾನು ಪಾಠ ಹೇಳುವವಳು. ಒರಟಿನಲ್ಲಿ ಎರಡು ಬಗೆ. ಗಂಟಲು ಹಿಂಡಿ ಹಾಡಿ ಬಂದ ಒರಟು ಬೇರೆ, ಅದು ಐದು ವರ್ಷಕ್ಕೆ ದನಿ ತಿನ್ನುತ್ತದೆ. ಹುಟ್ಟಿನಿಂದ ಬಂದ ದಪ್ಪ ಬೇರೆ. ಬೆಸ್ಸಿಯ ರೆಕಾರ್ಡ್ ನಾನೂ ಈಗ ಮೂರು ಸಲ ಕೇಳಿದೆ. ಅಲ್ಲಿ ಹಿಂಡುವುದು ಇಲ್ಲವೇ ಇಲ್ಲ. ಬಾಯಿ ತೆರೆದು ಎದೆಯಿಂದ ಹಾಡುತ್ತಾಳೆ. ಪದ ಒಂದೊಂದೂ ಸ್ಪಷ್ಟ.

ಇನ್ನೊಂದು ಗಮನಿಸಿದೆ. ಆಕೆಯ ಗಾಂಧಾರ, ಅಂದರೆ 'ಗ' ಸ್ವರ. ಸಾಧಾರಣ ಗಾಂಧಾರವೂ ಅಲ್ಲ, ಅಂತರ ಗಾಂಧಾರವೂ ಅಲ್ಲ. ಕೆಳಗಿನದರಲ್ಲಿ ಕಾಲಿಟ್ಟು ಮೇಲಿನದಕ್ಕೆ ಜಾರುತ್ತಾಳೆ, ಪೂರ್ತಿ ಮುಟ್ಟುವುದಿಲ್ಲ. ನಮ್ಮ ಕಿವಿಗೆ ಇದು ಜಾರು ಗಮಕದ ಹಾಗೆ ಕೇಳುತ್ತದೆ. ಪಿಯಾನೋಗೆ ಆ ಜಾಗ ಇಲ್ಲ, ಅಲ್ಲಿ ಎರಡು ಮನೆ ನಡುವೆ ಗೋಡೆ. ಹಾಗಾಗಿ ಪಿಯಾನೋ ಒಂದು ಹೇಳುತ್ತಿರುತ್ತದೆ, ಈಕೆ ಅದರ ಪಕ್ಕಕ್ಕೆ ಒರಗಿಕೊಂಡು ಇನ್ನೊಂದು ಹೇಳುತ್ತಾಳೆ. ಬ್ಲೂಸ್‌ನ ರುಚಿ ಬಹಳಷ್ಟು ಅಲ್ಲೇ ಇದೆ ಅನ್ನಿಸಿತು.

ಗಿಟಾರ್_ಗೊಂದಲ

ಮಧ್ಯಮಾವತಿ ಮೇಡಂ, ಅದಕ್ಕೇ 'ಬ್ಲೂ ನೋಟ್' ಅನ್ನುವುದು. ನಾವು ಗಿಟಾರಲ್ಲಿ ತಂತಿ ಎಳೆದು ಅದನ್ನೇ ಹುಡುಕುತ್ತೇವೆ.

ಸಂಜೆಮಲ್ಲಿಗೆ ಆಂಟಿ, ತಾಳದ ಲೆಕ್ಕವೂ ಹೇಳಿಬಿಡುತ್ತೇನೆ. ಹನ್ನೆರಡು ಬಾರ್ (ತಾಳದ ತುಂಡು), ಒಂದೊಂದಕ್ಕೆ ನಾಲ್ಕು ಎಣಿಕೆ, ಒಟ್ಟು 48. ಅದರಲ್ಲಿ ಮೂರು ಸಾಲು ಹಾಡು. ಮೊದಲ ಸಾಲು, ಮತ್ತೆ ಅದೇ ಸಾಲು, ಮೂರನೆಯದರಲ್ಲಿ ಉತ್ತರ ಅಥವಾ ಏಟು. ಪ್ರತಿ ಸಾಲು ಹಾಡಿದ ಮೇಲೆ ಜಾಗ ಉಳಿಯುತ್ತದೆ, ಅಲ್ಲಿ ವಾದ್ಯ ಉತ್ತರ ಕೊಡುತ್ತದೆ.

ಹಾರ್ಮೋನಿಯಂ_ಮೇಷ್ಟ್ರು

ನಮ್ಮ ಗೀಗೀ ಪದದಲ್ಲಿ ಮುಮ್ಮೇಳ ಸಾಲು ಬಿಟ್ಟ ಕೂಡಲೇ ಹಿಮ್ಮೇಳ ಎತ್ತಿಕೊಳ್ಳುತ್ತದಲ್ಲ, ಆ ಜಾಗ. ತಿಳಿಯಿತು.

ಹಳೇಪ್ಲೇಟು

ಮಧ್ಯಮಾವತಿಯವರ ತಕರಾರು ನ್ಯಾಯವಾದದ್ದು. ಈಗ 1923ಕ್ಕೆ ಬರೋಣ.

ಆಗ ಬೆಸ್ಸಿಗೆ 28. ವಾಸ ಫಿಲಡೆಲ್ಫಿಯಾ. ಕೊಲಂಬಿಯಾ ರೆಕಾರ್ಡ್ ಕಂಪನಿಯ ಫ್ರ್ಯಾಂಕ್ ವಾಕರ್ ನ್ಯೂಯಾರ್ಕಿಗೆ ಕರೆಸಿದ. ಫೆಬ್ರವರಿ 15ಕ್ಕೆ ಮೊದಲ ದಿನ. ಗೋಡೆಯಿಂದ ಒಂದು ದೊಡ್ಡ ತುತ್ತೂರಿ ಬಾಯಿ ತೆರೆದುಕೊಂಡಿರುತ್ತದೆ. ಅದರೊಳಗೆ ಮುಖ ಇಟ್ಟ ಹಾಗೆ ನಿಂತು ಹಾಡಬೇಕು. ದನಿಯ ಬಲದಿಂದಲೇ ಆ ಕಡೆ ಸೂಜಿ ಅಲ್ಲಾಡಿ ಮೇಣದಲ್ಲಿ ಗೆರೆ ಕೊರೆಯುತ್ತದೆ. ಕರೆಂಟ್ ಇಲ್ಲ, ಮೈಕ್ ಇಲ್ಲ. ಮೂರು ಚಿಲ್ಲರೆ ನಿಮಿಷ. ತಪ್ಪಿದರೆ ಹೊಸ ಮೇಣ, ಮತ್ತೆ ಮೊದಲಿಂದ. ನಗುವ ಜನರಿಲ್ಲ, ಚಿಲ್ಲರೆ ಎಸೆಯುವವರಿಲ್ಲ. ಟೆಂಟಿನಲ್ಲಿ ಬೆಳೆದವಳಿಗೆ ಹೇಗಾಗಿರಬೇಡ! ಆ ದಿನ ತೆಗೆದ ಒಂದೂ ಬಳಕೆಗೆ ಬರಲಿಲ್ಲ.

ಮಾರನೇ ದಿನ, ಫೆಬ್ರವರಿ 16, ಮತ್ತೆ ಬಂದಳು. ಪಿಯಾನೋಗೆ ಕ್ಲಾರೆನ್ಸ್ ವಿಲಿಯಮ್ಸ್. 'ಡೌನ್‌ಹಾರ್ಟೆಡ್ ಬ್ಲೂಸ್' ಆಯಿತು. ಪ್ಲೇಟಿನ ಆ ಕಡೆಗೆ 'ಗಲ್ಫ್ ಕೋಸ್ಟ್ ಬ್ಲೂಸ್'. ಮೊದಲನೆಯದು ಹೊಸ ಹಾಡೇನಲ್ಲ. ಆಲ್ಬರ್ಟಾ ಹಂಟರ್ ಮತ್ತು ಲವೀ ಆಸ್ಟಿನ್ ಅನ್ನುವ ಇಬ್ಬರು ಹೆಂಗಸರು ಕಟ್ಟಿದ್ದು, ಆಲ್ಬರ್ಟಾ ಹಿಂದಿನ ವರ್ಷವೇ ಹಾಡಿ ಪ್ಲೇಟ್ ಬಂದಿತ್ತು. ಜನ ಆಗಲೇ ಕೇಳಿದ್ದ ಹಾಡು. ಆದರೂ ಬೆಸ್ಸಿಯದ್ದು ಆರು ತಿಂಗಳಲ್ಲಿ 7,80,000 ಹೋಯಿತು ಅಂತ ಎಲ್ಲ ಕಡೆ ಬರೆಯುತ್ತಾರೆ.

ಸಂಜೆಮಲ್ಲಿಗೆ

ಹಾಗಾದರೆ ಕೈತುಂಬಾ ದುಡ್ಡು ಬಂದಿರಬೇಕು, ಪಾಪ, ಒಳ್ಳೇದಾಯಿತು.

ಹಳೇಪ್ಲೇಟು

ಎಲ್ಲಿಂದ ಅಕ್ಕ! ಬಳಕೆಗೆ ಬಂದ ಒಂದೊಂದು ಹಾಡಿಗೆ 125 ಡಾಲರ್, ಅಷ್ಟೇ. ರಾಯಲ್ಟಿ ಇಲ್ಲ. ಹತ್ತು ಪ್ಲೇಟು ಹೋದರೂ ಅದೇ, ಏಳು ಲಕ್ಷ ಹೋದರೂ ಅದೇ. ಆ 125ರಲ್ಲೂ ಅರ್ಧ ಮೊದಲಿಗೆ ಪಿಯಾನೋದವನ ಜೇಬಿಗೆ ಹೋಗುತ್ತಿತ್ತು. ವಿಷಯ ಗೊತ್ತಾದ ದಿನ ಬೆಸ್ಸಿ ಮತ್ತು ಜ್ಯಾಕ್ ಗೀ ಅವನ ಆಫೀಸಿಗೆ ನುಗ್ಗಿದರು. ಜ್ಯಾಕ್ ಆಗ ವಾಚ್‌ಮನ್ ಕೆಲಸದಲ್ಲಿದ್ದ, ಆ ಜೂನ್‌ನಲ್ಲಿ ಅವಳ ಗಂಡನಾದ. ವಿಲಿಯಮ್ಸ್ ಮೇಜಿನ ಕೆಳಗೆ ನುಸುಳಿದ ಅನ್ನುತ್ತಾರೆ. ಹಳೇ ಒಪ್ಪಂದ ಹರಿದು, ವಾಕರ್ ಜೊತೆ ನೇರ ಒಪ್ಪಂದ ಆಯಿತು. ಅದರಲ್ಲೂ ರಾಯಲ್ಟಿ ಬರಲಿಲ್ಲ.

ದುಡ್ಡು ಬಂದದ್ದು ಪ್ರವಾಸದಿಂದ. ಪ್ಲೇಟ್ ಕೇಳಿದವರು ಟೆಂಟಿಗೆ ಬಂದರು. ಕೆಲವೇ ವರ್ಷದಲ್ಲಿ ಆ ಕಾಲದ ಕಪ್ಪು ಕಲಾವಿದರಲ್ಲಿ ಎಲ್ಲರಿಗಿಂತ ಹೆಚ್ಚು ಸಂಬಳ ಅವಳದ್ದೇ.

ಟೆನ್ನೆಸ್ಸೀ_ಕನ್ನಡಿಗ

ರೈಲು ಡಬ್ಬಿ ಬಿಟ್ಟಿರಿ! ದಕ್ಷಿಣದಲ್ಲಿ ಕಪ್ಪು ಜನರಿಗೆ ಹೋಟೆಲ್ ಸಿಗುತ್ತಿರಲಿಲ್ಲ, ಊಟದ ಜಾಗಕ್ಕೂ ಬಿಡುತ್ತಿರಲಿಲ್ಲ. 1925ರಲ್ಲಿ ಬೆಸ್ಸಿ ಸ್ವಂತ ರೈಲು ಡಬ್ಬಿಯನ್ನೇ ಕೊಂಡಳು. 70 ಅಡಿಗೂ ಉದ್ದ, ಹಳದಿ ಬಣ್ಣ, ಹಸಿರು ಅಕ್ಷರ. ಮಲಗುವುದು, ಅಡುಗೆ, ಟೆಂಟಿನ ಸಾಮಾನು ಎಲ್ಲ ಅದರಲ್ಲೇ. ಓಡುವ ರೈಲಿಗೆ ಸಿಕ್ಕಿಸಿದರೆ ಮುಂದಿನ ಊರು. ಯಾರ ಬಾಗಿಲನ್ನೂ ತಟ್ಟಬೇಕಿಲ್ಲ.

ಹಾರ್ಮೋನಿಯಂ_ಮೇಷ್ಟ್ರು

ಆಹಾ. ನಮ್ಮ ತಂದೆಯವರ ಕಂಪನಿಗೆ ಎರಡು ಲಾರಿ ಇತ್ತು, ಒಂದು ಯಾವಾಗಲೂ ಕೆಟ್ಟಿರುತ್ತಿತ್ತು.

ಹಾರ್ಮೋನಿಯಂ ಜೊತೆಗೆ ಈಕೆ ಹಾಡಿದ್ದೇನಾದರೂ ಇದೆಯೇ?

ಹಳೇಪ್ಲೇಟು

ಇದೆ ಮೇಷ್ಟ್ರೇ, ನೀವು ಕೇಳಲಿ ಅಂತಲೇ ಕಾಯುತ್ತಿದ್ದೆ. 1925ರ ಜನವರಿ 14, 'ಸೇಂಟ್ ಲೂಯಿಸ್ ಬ್ಲೂಸ್'. ಫ್ರೆಡ್ ಲಾಂಗ್‌ಶಾ ಹಾರ್ಮೋನಿಯಂ ಹಿಡಿದಿದ್ದಾನೆ. ಕಾರ್ನೆಟ್ ಊದಿದ್ದು 23 ವರ್ಷದ ಲೂಯಿ ಆರ್ಮ್‌ಸ್ಟ್ರಾಂಗ್. ಬೆಸ್ಸಿ ಸಾಲು ಮುಗಿಸುತ್ತಾಳೆ, ಅವನು ಅದೇ ದನಿಯಲ್ಲಿ ಮಾತಾಡಿಸುತ್ತಾನೆ. ಕೆಳಗೆ ಹಾರ್ಮೋನಿಯಂ ಚರ್ಚಿನ ಹಾಗೆ ಎಳೆದುಕೊಂಡು ಹೋಗುತ್ತದೆ. ಇದೂ ತುತ್ತೂರಿಗೇ ಹಾಡಿದ್ದು.

ಅದೇ ವರ್ಷ ಮೇ ತಿಂಗಳಲ್ಲಿ ಎಲೆಕ್ಟ್ರಿಕ್ ಮೈಕ್ ಬಂತು. ದನಿ ಗುಂಯ್ ಅನ್ನಬಾರದು ಅಂತ ಎಂಜಿನಿಯರುಗಳು ಸ್ಟುಡಿಯೋ ಒಳಗೆ ದೊಡ್ಡ ಬಟ್ಟೆಯ ಟೆಂಟ್ ಕಟ್ಟಿದರು. ಹಾಡಿನ ನಡುವೆ ಅದು ಕುಸಿದು ಬೆಸ್ಸಿ, ವಾದ್ಯದವರು ಎಲ್ಲರ ತಲೆ ಮೇಲೆ ಬಿತ್ತಂತೆ. ಇಷ್ಟು ವರ್ಷ ಟೆಂಟಿನಲ್ಲಿ ಹಾಡಿದವಳ ಮೇಲೆ ಟೆಂಟ್ ಬೀಳಲು ನ್ಯೂಯಾರ್ಕ್ ಸ್ಟುಡಿಯೋಗೇ ಹೋಗಬೇಕಾಯಿತು.

ಮಧ್ಯಮಾವತಿ

ತುತ್ತೂರಿ ಅಂದ ಕೂಡಲೇ ಗೌಹರ್ ಜಾನ್ ನೆನಪಾದರು. 1902ರಲ್ಲಿ ಕಲ್ಕತ್ತದಲ್ಲಿ ಇದೇ ಥರ ತುತ್ತೂರಿಗೆ ಹಾಡಿ, ಕೊನೆಗೆ ತಮ್ಮ ಹೆಸರು ಕೂಗಿ ಹೇಳುತ್ತಿದ್ದರು. ಕೊನೆಗಾಲದಲ್ಲಿ ಮೈಸೂರು ಅರಮನೆಯ ಆಶ್ರಯದಲ್ಲಿದ್ದರು, 1930ರ ಜನವರಿಯಲ್ಲಿ ಮೈಸೂರಲ್ಲೇ ತೀರಿಕೊಂಡರು. ಸಂಜೆಮಲ್ಲಿಗೆಯವರೇ, ನಿಮ್ಮ ಮಗಳಿಗೆ ಅವರದ್ದನ್ನೂ ಕೇಳಿಸಿ. ಮತ್ತೆ ಒಂದು ಪ್ರಶ್ನೆ: ಅವಳು ಯಾವ ಶ್ರುತಿಯಲ್ಲಿ ಹಾಡುತ್ತಾಳೆ?

ಸಂಜೆಮಲ್ಲಿಗೆ

ಐದೂವರೆ ಮನೆ, ಎತ್ತರದ ಶ್ರುತಿ. ಹುಡುಗಿಯರು ಅಲ್ಲೇ ಹಾಡಬೇಕು ಅಂತ ಮೊದಲಿಂದ ಹಾಗೇ ರೂಢಿ.

ಮಧ್ಯಮಾವತಿ

ನಾಲ್ಕೂವರೆಗೆ ಇಳಿಸಿ ಒಂದು ವಾರ ನೋಡಿ. ದಪ್ಪ ದನಿಯನ್ನು ಮೇಲಕ್ಕೆ ಎಳೆದರೆ ಒರಟಾಗದೆ ಇನ್ನೇನಾಗುತ್ತದೆ?

ಸಂಜೆಮಲ್ಲಿಗೆ

ಎಲ್ಲರಿಗೂ ತಡವಾಗಿ ಉತ್ತರ. ಮೂರು ದಿನ ನಾಲ್ಕೂವರೆ ಮನೆಯಲ್ಲಿ ಹಾಡಿದಳು. ನಿನ್ನೆ ಮಂದ್ರ ಪಂಚಮದಲ್ಲಿ ನಿಂತಾಗ ಹಾಲಿನ ಶೋಕೇಸ್ ಗಾಜು ಜುಂ ಅಂತು. ನಮ್ಮ ಯಜಮಾನರು ಪೇಪರ್ ಕೆಳಗಿಟ್ಟು ಯಾರು ಬಂದರು ಅಂತ ನೋಡಿದರು.

ಆಮೇಲೆ ಒಂದು ಕೆಲಸ ಮಾಡಿದ್ದಾಳೆ. ಎಣ್ಣೆ ಸುರಿಯುವ ಸ್ಟೀಲ್ ಲಾಳಿಕೆ ತಂದು, ಅದರ ಕೊಳವೆಗೆ ನನ್ನ ಫೋನಿನ ಮೈಕ್ ಒತ್ತಿ ಹಿಡಿ ಅಮ್ಮಾ ಅಂದಳು. ಅಗಲದ ಕಡೆಯಿಂದ ಅವಳು ಹಾಡಿದಳು. ಮೊದಲ ಸಲ ಬರೀ ಬೊಬ್ಬೆ. ಎರಡನೇ ಸಲ ಸ್ವಲ್ಪ ಹಿಂದೆ ಸರಿದಳು, ಏನೂ ಬರಲಿಲ್ಲ. ಮೂರನೇ ಸಲ ಮೆತ್ತಗಿದ್ದಾಗ ಹತ್ತಿರ, ಜೋರಾದಾಗ ಹಿಂದೆ, ಹೀಗೆ ತೂಗಾಡಿಕೊಂಡು ಹಾಡಿದಳು. ಕೇಳಿ ನೋಡಿದರೆ ಮಂದ್ರ ಪೂರ್ತಿ ಮಾಯ, ಸಣ್ಣಗೆ ಡಬ್ಬದೊಳಗಿನ ದನಿ. ಆದರೆ ಸಾಹಿತ್ಯದ ಒಂದಕ್ಷರವೂ ಹೋಗಿರಲಿಲ್ಲ.

"ಇದರಲ್ಲೂ ಅವಳ ದನಿ ದಪ್ಪ ಕೇಳುತ್ತೆ ಅಂದರೆ ಎದುರಿಗೆ ನಿಂತು ಕೇಳಿದರೆ ಹೇಗಿರಬೇಕು ಅಮ್ಮಾ" ಅಂದಳು.

ಲಾಳಿಕೆ ತೊಳೆಯದೇ ತಂದಿದ್ದಳು. ಫೋನಿಗೆಲ್ಲ ಕಡ್ಲೆಕಾಯಿ ಎಣ್ಣೆ. ಮೈಕ್ ಕಿಂಡಿಗೆ ಇಳಿದಿದ್ದರೆ ಹೇಗೆ ತೆಗೆಯುವುದು, ಯಾರಿಗಾದರೂ ಗೊತ್ತಾ?

ಗಿಟಾರ್_ಗೊಂದಲ

ಆಂಟಿ, ಪಿನ್ ಹಾಕಬೇಡಿ! ಒಣ ಹಲ್ಲುಜ್ಜುವ ಬ್ರಷ್‌ನಲ್ಲಿ ಮೆಲ್ಲಗೆ ಒರೆಸಿ. ಮತ್ತೆ ಆ ಮೂರನೇ ರೆಕಾರ್ಡಿಂಗ್ ಅಳಿಸಬೇಡಿ, ಇಲ್ಲಿ ಹಾಕಿ.